ಗಂಟೆಗಳಿಗೆ ಬ್ಯಾಟರಿ, ದಿನಗಳಿಗೆ ಬಾಟಲಿ

2020ರ ಅಕ್ಟೋಬರ್ 12, ಸೋಮವಾರ. ಬೆಳಗ್ಗೆ ಹತ್ತು ಗಂಟೆಯ ಹೊತ್ತಿಗೆ ಡೊಂಬಿವಲಿಯ ನಮ್ಮ ಮನೆಯಲ್ಲಿ ಫ್ಯಾನ್ ನಿಂತಿತು. ಕೊರೊನಾ ಕಾಲ, ಊಟದ ಮೇಜೇ ಆಫೀಸು. ಲ್ಯಾಪ್‌ಟಾಪಿನ ಬ್ಯಾಟರಿ ಇತ್ತು, ರೂಟರ್ ಇರಲಿಲ್ಲ. ಕಳವಾ–ಪಡಘಾ ನಡುವಿನ ಹೈ ವೋಲ್ಟೇಜ್ ಲೈನುಗಳು ಒಂದರ ಹಿಂದೆ ಒಂದು ಕೈಕೊಟ್ಟು ಇಡೀ ಮುಂಬೈ, ಠಾಣೆ, ನವಿ ಮುಂಬೈ ಕತ್ತಲಾಗಿವೆ ಎಂದು ಆಮೇಲೆ ತಿಳಿಯಿತು. ಲೋಕಲ್ ರೈಲುಗಳು ಹಳಿಯ ಮೇಲೇ ನಿಂತವು. ನಮ್ಮ ಸೊಸೈಟಿಯ ಡೀಸೆಲ್ ಜನರೇಟರ್ ಕೆಮ್ಮುತ್ತಾ ಎದ್ದು ಲಿಫ್ಟನ್ನೂ ನೀರಿನ ಪಂಪನ್ನೂ ನಡೆಸಿತು. ಅದರ ಹೊಗೆ ಮೊದಲ ಮಹಡಿಯ ಕಿಟಕಿಗಳಿಂದ ಒಳಗೆ ಬಂದು, ಅಲ್ಲಿದ್ದ ಉಬ್ಬಸದ ಅಜ್ಜಿಯೊಬ್ಬರನ್ನು ಮೇಲಿನ ಮನೆಗೆ ಕರೆದೊಯ್ಯಬೇಕಾಯಿತು. ನಗರದ ಬಹುಭಾಗಕ್ಕೆ ಮಧ್ಯಾಹ್ನದ ಹೊತ್ತಿಗೆ ಕರೆಂಟ್ ಬಂತು. ನಮ್ಮಂಥ ದೂರದ ಉಪನಗರಗಳಿಗೆ ಇನ್ನಷ್ಟು ತಡವಾಯಿತು.

ಆ ದಿನ ನನಗೆ ಇನ್ನೊಂದು ದಿನ ನೆನಪಾಯಿತು. 2005ರ ಜುಲೈ 26. ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಸುರಿದ ದಿನ. ನಾನಾಗ ಉಡುಪಿಯಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಸೋದರಮಾವ ಕಲೀನಾದಲ್ಲಿ ಸಣ್ಣ ಕ್ಯಾಂಟೀನ್ ನಡೆಸುತ್ತಿದ್ದರು. ಟಿ.ವಿ.ಯಲ್ಲಿ ಕುತ್ತಿಗೆಮಟ್ಟದ ನೀರು ತೋರಿಸುತ್ತಿದ್ದರು. ಅಮ್ಮ ಮತ್ತೆ ಮತ್ತೆ ನಂಬರ್ ಒತ್ತುತ್ತಾ "ತಾಗುದಿಲ್ಲ, ತಾಗುದಿಲ್ಲ" ಎನ್ನುತ್ತಿದ್ದರು. ಮಾವನ ಧ್ವನಿ ಕೇಳಿದ್ದು ನಾಲ್ಕನೆಯ ದಿನ. ಅವರಿಗೆ ಏನೂ ಆಗಿರಲಿಲ್ಲ. ಓಣಿಗೆ ಕರೆಂಟ್ ಇರಲಿಲ್ಲ, ಮೊಬೈಲ್ ಸತ್ತಿತ್ತು, ಚಾರ್ಜ್ ಮಾಡಲು ದಾರಿ ಇರಲಿಲ್ಲ, ಅಷ್ಟೇ. ಆ "ಅಷ್ಟೇ" ಎಂಬುದು ಊರಿನಲ್ಲಿ ಕೂತ ನಮಗೆ ಮೂರು ರಾತ್ರಿಯ ನಿದ್ದೆ ಕೆಡಿಸಿತ್ತು.

ಎರಡೂ ಕತ್ತಲೆಯೇ. ಆದರೆ ಒಂದು ಗಂಟೆಗಳ ಕತ್ತಲೆ, ಇನ್ನೊಂದು ದಿನಗಳ ಕತ್ತಲೆ. ಗಂಟೆಗಳ ಕತ್ತಲೆಗೆ ಈಗ ಬ್ಯಾಟರಿ ಸಾಕು. ದಿನಗಳ ಕತ್ತಲೆಗೆ ಏನು? ಡೀಸೆಲ್ ಜನರೇಟರ್ ಎಂಬುದು ಎಲ್ಲರ ಉತ್ತರ. ಶಬ್ದವಿಲ್ಲದ, ಕಪ್ಪು ಹೊಗೆಯಿಲ್ಲದ, ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಇನ್ನೊಂದು ಉತ್ತರವೂ ಇದೆ. ಅದು ಮೆಥನಾಲ್ ಎಂಬ ದ್ರವವನ್ನು ನೇರವಾಗಿ ಕುಡಿದು ವಿದ್ಯುತ್ ಕೊಡುವ ಸಣ್ಣ ಇಂಧನಕೋಶ. ಅದರ ಕಥೆಯಲ್ಲಿ ಬೆಂಗಳೂರಿದೆ, ನಮ್ಮ ಮುಂಬೈಯೂ ಇದೆ. ಮುಂಬೈಯ ಪಾಲು ಅಷ್ಟು ಸಂತೋಷದ್ದಲ್ಲ.

ಡಬ್ಬಿ ಮತ್ತು ಅಡುಗೆಮನೆ

ಬ್ಯಾಟರಿಗೂ ಇಂಧನಕೋಶಕ್ಕೂ ಏನು ವ್ಯತ್ಯಾಸ ಎಂದು ಮಗಳು ಕೇಳಿದಾಗ ನಾನು ಡಬ್ಬಾವಾಲಾರನ್ನು ತೋರಿಸಿದೆ. ಬ್ಯಾಟರಿ ಎಂದರೆ ಡಬ್ಬಿ. ಬೆಳಗ್ಗೆ ತುಂಬಿಸಿದಷ್ಟೇ ಊಟ, ಮುಗಿದರೆ ಮುಗಿಯಿತು, ಮತ್ತೆ ಮನೆಗೆ ಹೋಗಿ ತುಂಬಿಸಬೇಕು. ಇಂಧನಕೋಶ ಎಂದರೆ ಅಡುಗೆಮನೆ. ಅಕ್ಕಿ ಬೇಳೆ ತಂದು ಹಾಕುತ್ತಿರುವವರೆಗೂ ಊಟ ಬರುತ್ತಲೇ ಇರುತ್ತದೆ. ಡಬ್ಬಿ ಅಗ್ಗ, ಹಗುರ. ಅಡುಗೆಮನೆ ಕಟ್ಟಲು ಖರ್ಚು ಹೆಚ್ಚು. ಒಂದು ಹೊತ್ತಿನ ಊಟಕ್ಕೆ ಯಾರೂ ಅಡುಗೆಮನೆ ಕಟ್ಟುವುದಿಲ್ಲ. ಒಂದು ವಾರ ಕಳೆಯಬೇಕಾದರೆ ಯಾರೂ ಇಪ್ಪತ್ತೊಂದು ಡಬ್ಬಿ ಹೊತ್ತು ಹೋಗುವುದಿಲ್ಲ. ಈ ಲೇಖನದಲ್ಲಿ ಮುಂದೆ ಬರುವ ಸೋಲು ಗೆಲುವುಗಳೆಲ್ಲ ಈ ಎರಡು ವಾಕ್ಯಗಳಲ್ಲೇ ಅಡಗಿವೆ.

ಇಂಧನಕೋಶ ಹೊಸದಲ್ಲ. 1839ರಲ್ಲೇ ವೇಲ್ಸಿನ ವಿಲಿಯಂ ಗ್ರೋವ್ ಹೈಡ್ರೋಜನ್ ಮತ್ತು ಆಮ್ಲಜನಕವನ್ನು ಸೇರಿಸಿ ವಿದ್ಯುತ್ ಪಡೆದಿದ್ದರು. ಇಂಧನವನ್ನು ಇಲ್ಲಿ ಸುಡುವುದಿಲ್ಲ, ಬೆಂಕಿ ಇಲ್ಲ, ಪಿಸ್ಟನ್ ಇಲ್ಲ. ಸುಡುವಾಗ ಶಾಖವಾಗಿ ಹೊರಬರುವ ಶಕ್ತಿಯ ಒಂದು ಭಾಗವನ್ನು ನೇರವಾಗಿ ತಂತಿಯೊಳಗೆ ಹರಿಸುವ ಉಪಾಯ ಇದು.

ತೊಡಕಿರುವುದು ಹೈಡ್ರೋಜನ್‌ನಲ್ಲಿ. ಅದು ಅತಿ ಹಗುರವಾದ ಅನಿಲ. ಸಾಗಿಸಬೇಕಾದರೆ ನೂರಾರು ಪಟ್ಟು ಒತ್ತಡದಲ್ಲಿ ಸಿಲಿಂಡರಿಗೆ ತುಂಬಬೇಕು, ಇಲ್ಲವೇ ಸೊನ್ನೆಗಿಂತ 253 ಡಿಗ್ರಿ ಕೆಳಗೆ ತಣಿಸಿ ದ್ರವ ಮಾಡಬೇಕು. ಹಾಗೆ ದ್ರವ ಮಾಡಿದರೂ ಒಂದು ಲೀಟರಿನಲ್ಲಿ ಸಿಗುವ ಹೈಡ್ರೋಜನ್ ಸುಮಾರು 71 ಗ್ರಾಂ. ಒಂದು ಲೀಟರ್ ಮೆಥನಾಲ್‌ನಲ್ಲಿ ಎಷ್ಟು ಹೈಡ್ರೋಜನ್ ಇದೆ ಗೊತ್ತೇ? ಸುಮಾರು 99 ಗ್ರಾಂ! ಅದೂ ಸಾಮಾನ್ಯ ಉಷ್ಣತೆಯಲ್ಲಿ, ಸಾಮಾನ್ಯ ಕ್ಯಾನಿನಲ್ಲಿ. ಒಂದು ಕಾರ್ಬನ್, ನಾಲ್ಕು ಹೈಡ್ರೋಜನ್, ಒಂದು ಆಮ್ಲಜನಕ: ಇದು ಅತಿ ಸರಳವಾದ ಆಲ್ಕೋಹಾಲ್. ಹೈಡ್ರೋಜನ್ ಹೊರಲು ಇದಕ್ಕಿಂತ ಸಲೀಸಾದ ಜೋಳಿಗೆ ಸಿಗುವುದು ಕಷ್ಟ.

ಬೆಂಗಳೂರಿನಿಂದ ಲಾಸ್ ಏಂಜಲಿಸ್‌ಗೆ

ಮೆಥನಾಲನ್ನು ನೇರವಾಗಿ ಕೋಶಕ್ಕೆ ಉಣಿಸುವ ಪ್ರಯತ್ನ 1950–60ರ ದಶಕಗಳಲ್ಲೇ ನಡೆದಿತ್ತು. ಶೆಲ್‌ನಂಥ ತೈಲ ಕಂಪನಿಗಳೂ ಕೈಹಾಕಿದ್ದವು. ಆದರೆ ಆ ಕೋಶಗಳ ಒಳಗೆ ಗಂಧಕಾಮ್ಲ ಇರುತ್ತಿತ್ತು. ಕೊರೆಯುವ ಆಮ್ಲ ತುಂಬಿದ ಪೆಟ್ಟಿಗೆಯನ್ನು ಹೊತ್ತು ತಿರುಗುವವರು ಯಾರು? ಕೆಲಸ ಪ್ರಯೋಗಾಲಯ ದಾಟಿ ಬರಲಿಲ್ಲ.

1990ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಎರಡು ತಂಡಗಳು ಕೈಜೋಡಿಸಿದವು. ಒಂದು, ನಾಸಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯ. ಇನ್ನೊಂದು, ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲೋಕರ್ ಹೈಡ್ರೋಕಾರ್ಬನ್ ಸಂಸ್ಥೆ. ಲೋಕರ್ ಸಂಸ್ಥೆಯ ಹಿರಿಯರು ಹಂಗೇರಿಯಿಂದ ಬಂದ ಜಾರ್ಜ್ ಓಲಾ, 1994ರ ರಸಾಯನಶಾಸ್ತ್ರದ ನೊಬೆಲ್ ಪುರಸ್ಕೃತರು. ಅವರ ಬಲಗೈಯಂತಿದ್ದವರು ಜಿ.ಕೆ. ಸೂರ್ಯಪ್ರಕಾಶ್. ಬೆಂಗಳೂರಿನಲ್ಲಿ ಹುಟ್ಟಿದವರು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಬಿ.ಎಸ್ಸಿ., ಮದ್ರಾಸ್ ಐಐಟಿಯಲ್ಲಿ ಎಂ.ಎಸ್ಸಿ. ಮುಗಿಸಿ ಅಮೆರಿಕಕ್ಕೆ ಹೋಗಿ ಓಲಾರ ಶಿಷ್ಯರಾದರು. 1978ರಲ್ಲಿ ಪಿಎಚ್.ಡಿ. ಪಡೆದ ಮೇಲೆ ಗುರುಗಳ ಜೊತೆಯಲ್ಲೇ ಉಳಿದರು. ನಾಸಾ ಕಡೆಯ ತಂಡದಲ್ಲೂ ನಮ್ಮವರಿದ್ದರು. ಸುಬ್ಬರಾವ್ ಸುರಂಪುಡಿ ಒಬ್ಬರು. ಇನ್ನೊಬ್ಬರು ಎಸ್.ಆರ್. ನಾರಾಯಣನ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯುತ್ ರಸಾಯನದಲ್ಲಿ ಪಿಎಚ್.ಡಿ. ಮಾಡಿ ಹೋದವರು.

ಇವರ ತಂಡ ಆಮ್ಲವನ್ನು ಹೊರಗೆ ಹಾಕಿತು. ಅದರ ಜಾಗದಲ್ಲಿ ನಾಫಿಯಾನ್ ಎಂಬ ತೆಳ್ಳನೆಯ ಪ್ಲಾಸ್ಟಿಕ್ ಪೊರೆಯನ್ನು ಇಟ್ಟಿತು. ಪ್ರೋಟಾನುಗಳನ್ನು ದಾಟಿಸುವ ಪೊರೆ ಅದು. ಇಂಧನವಾಗಿ ಬರೀ ನೀರು ಬೆರೆಸಿದ ಮೆಥನಾಲ್. 1997ರ ಫೆಬ್ರವರಿಯಲ್ಲಿ ಇದಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತು. ಸಂಶೋಧಕರ ಪಟ್ಟಿಯಲ್ಲಿ ಸುರಂಪುಡಿ, ನಾರಾಯಣನ್, ಸೂರ್ಯಪ್ರಕಾಶ್, ಓಲಾ ಎಲ್ಲರ ಹೆಸರುಗಳಿವೆ. ಓಲಾ, ಸೂರ್ಯಪ್ರಕಾಶ್ ಮತ್ತು ಅಲೆನ್ ಗೊಪರ್ಟ್ ಸೇರಿ 2006ರಲ್ಲಿ ಮೆಥನಾಲ್ ಆರ್ಥಿಕತೆಯ ಬಗ್ಗೆಯೇ ಒಂದು ಪುಸ್ತಕ ಬರೆದರು. 2013ರಲ್ಲಿ ಇಸ್ರೇಲ್ ಸರ್ಕಾರ ಬದಲಿ ಇಂಧನಗಳಿಗಾಗಿ ಆರಂಭಿಸಿದ ಹತ್ತು ಲಕ್ಷ ಡಾಲರಿನ ಪ್ರಶಸ್ತಿಯನ್ನು ಮೊದಲ ಬಾರಿಗೆ ಗುರು ಶಿಷ್ಯರಿಬ್ಬರೂ ಹಂಚಿಕೊಂಡರು.

ಆರು ಎಲೆಕ್ಟ್ರಾನುಗಳ ಲೆಕ್ಕ

ಬಿ.ಎಸ್ಸಿ.ಯ ರಸಾಯನಶಾಸ್ತ್ರವನ್ನು ಬಿಟ್ಟು ಎಂ.ಸಿ.ಎ. ಹಿಡಿದವನು ನಾನು. ಆದರೂ ಈ ಕೋಶದ ಒಳಗಿನ ಲೆಕ್ಕ ಇಂದಿಗೂ ಖುಷಿ ಕೊಡುತ್ತದೆ. ಒಂದು ಬದಿಯ ವಿದ್ಯುದ್ವಾರದಲ್ಲಿ ಒಂದು ಮೆಥನಾಲ್ ಅಣು ಒಂದು ನೀರಿನ ಅಣುವಿನ ಜೊತೆ ಸೇರಿ ಕಾರ್ಬನ್ ಡೈ ಆಕ್ಸೈಡ್ ಆಗುತ್ತದೆ. ಆಗ ಆರು ಪ್ರೋಟಾನ್, ಆರು ಎಲೆಕ್ಟ್ರಾನ್ ಬಿಡುಗಡೆಯಾಗುತ್ತವೆ. ಪ್ರೋಟಾನುಗಳು ಪೊರೆಯ ಮೂಲಕ ಆಚೆ ಹೋಗುತ್ತವೆ. ಎಲೆಕ್ಟ್ರಾನುಗಳಿಗೆ ಪೊರೆಯಲ್ಲಿ ದಾರಿ ಇಲ್ಲ. ಅವು ಹೊರಗಿನ ತಂತಿಯಲ್ಲಿ ಸುತ್ತಿ ಬರಬೇಕು. ಆ ಸುತ್ತಾಟವೇ ನಮ್ಮ ಕರೆಂಟ್. ಆಚೆ ಬದಿಯಲ್ಲಿ ಗಾಳಿಯ ಆಮ್ಲಜನಕದ ಜೊತೆ ಎರಡೂ ಸೇರಿ ನೀರಾಗುತ್ತವೆ. ಹೊರಬರುವುದು ಒಂದಿಷ್ಟು ಕಾರ್ಬನ್ ಡೈ ಆಕ್ಸೈಡ್, ನೀರಾವಿ, ಶಾಖ.

ಪುಸ್ತಕದ ಪ್ರಕಾರ ಒಂದು ಕೋಶದಿಂದ 1.2 ವೋಲ್ಟ್ ಬರಬೇಕು. ನಿಜವಾಗಿ ಕೆಲಸ ಮಾಡುವಾಗ ಬರುವುದು 0.4 ವೋಲ್ಟ್‌ನ ಆಸುಪಾಸು. ಉಳಿದದ್ದು ಎಲ್ಲಿ ಹೋಯಿತು? ಇಬ್ಬರು ಕಳ್ಳರಿದ್ದಾರೆ.

ಮೊದಲನೆಯವನು ಕಾರ್ಬನ್ ಮೊನಾಕ್ಸೈಡ್. ಮೆಥನಾಲ್ ಒಡೆಯಲು ಪ್ಲಾಟಿನಂ ಬೇಕು. ತಾನು ಖರ್ಚಾಗದೆ ಕ್ರಿಯೆಯನ್ನು ಓಡಿಸುವ ವೇಗವರ್ಧಕ ಅದು. ಆದರೆ ಒಡೆಯುವ ದಾರಿಯ ನಡುವೆ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಪ್ಲಾಟಿನಂಗೆ ಬಂಕೆಯಂತೆ ಅಂಟಿಕೊಂಡು ಮುಂದಿನ ಅಣುಗಳಿಗೆ ಜಾಗ ಬಿಡುವುದಿಲ್ಲ. ಇದಕ್ಕೆ ಮದ್ದು ಪ್ಲಾಟಿನಂ ಜೊತೆ ರುಥೇನಿಯಂ ಬೆರೆಸುವುದು. ರುಥೇನಿಯಂ ನೀರಿನಿಂದ ಆಮ್ಲಜನಕವನ್ನು ತಂದು ಪಕ್ಕದವನ ಮೇಲೆ ಅಂಟಿದ ಮೊನಾಕ್ಸೈಡನ್ನು ಡೈ ಆಕ್ಸೈಡ್ ಮಾಡಿ ಎಬ್ಬಿಸಿ ಕಳಿಸುತ್ತದೆ. ಎರಡೂ ಅಪರೂಪದ, ದುಬಾರಿ ಲೋಹಗಳು. ಅದೂ ಹೈಡ್ರೋಜನ್ ಕೋಶಕ್ಕೆ ಬೇಕಾದುದಕ್ಕಿಂತ ಹಲವು ಪಟ್ಟು ಹೆಚ್ಚು ಬೇಕು.

ಎರಡನೆಯವನು ಮೆಥನಾಲೇ. ಪ್ರೋಟಾನ್ ದಾಟುವ ಪೊರೆಯಲ್ಲಿ ನೀರಿನೊಂದಿಗೆ ಮೆಥನಾಲ್ ಕೂಡ ನುಸುಳಿ ಆಚೆ ಹೋಗುತ್ತದೆ. ಅಲ್ಲಿ ಸುಮ್ಮನೆ ಉರಿದುಹೋಗುತ್ತದೆ, ಜೊತೆಗೆ ವೋಲ್ಟೇಜನ್ನೂ ಇಳಿಸುತ್ತದೆ. ಆದ್ದರಿಂದ ಕೋಶಕ್ಕೆ ಉಣಿಸುವ ಮಿಶ್ರಣದಲ್ಲಿ ಮೆಥನಾಲ್ ನೂರಕ್ಕೆ ಮೂರರಷ್ಟು ಮಾತ್ರ ಇದ್ದರೆ ಒಳ್ಳೆಯದು. ಹಾಗಾದರೆ 97 ಪಾಲು ನೀರು ಹೊರಬೇಕೇ? ಬೇಡ. ಆಚೆ ಬದಿಯಲ್ಲಿ ಹುಟ್ಟುವ ನೀರನ್ನೇ ಹಿಡಿದು ತಂದು, ಬಾಟಲಿಯ ಅಚ್ಚ ಮೆಥನಾಲಿಗೆ ಅಲ್ಲೇ ಬೆರೆಸುತ್ತಾರೆ. ಅದಕ್ಕೆ ಪಂಪು, ಸೆನ್ಸರ್, ತಂಪುಮಾಡುವ ವ್ಯವಸ್ಥೆ ಎಲ್ಲ ಬೇಕು. ಕೋಶ ಚಿಕ್ಕದು, ಅದರ ಸಂಸಾರ ದೊಡ್ಡದು.

ಈ ಎರಡನೇ ಕಳ್ಳನನ್ನು ಹಿಡಿಯುವ ಕೆಲಸ ನಮ್ಮಲ್ಲೂ ನಡೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎ.ಕೆ. ಶುಕ್ಲಾ ಇಂಗ್ಲೆಂಡ್, ಇಟಲಿಯ ಸಂಶೋಧಕರ ಜೊತೆ ಸೇರಿ ವರ್ಷಗಟ್ಟಲೆ ಮೆಥನಾಲ್ ಕೋಶದ ಮೇಲೆ ದುಡಿದವರು. ಮುಂದೆ ಕಾರೈಕುಡಿಯ ಕೇಂದ್ರೀಯ ವಿದ್ಯುತ್ ರಸಾಯನ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದಾಗ ಅಲ್ಲಿಯ ತಂಡದೊಂದಿಗೆ ದುಬಾರಿ ನಾಫಿಯಾನ್‌ಗೆ ಬದಲಿ ಹುಡುಕಿದರು. ಪಾಲಿವಿನೈಲ್ ಆಲ್ಕೋಹಾಲ್‌ನಂಥ ಅಗ್ಗದ ವಸ್ತುವಿಗೆ ಜಿಯೊಲೈಟ್ ಖನಿಜದ ಪುಡಿ ಬೆರೆಸಿ, ಮೆಥನಾಲ್ ನುಸುಳುವಿಕೆ ಕಡಿಮೆಯಾಗುವಂಥ ಪೊರೆಗಳನ್ನು ಮಾಡಿದರು.

ಮಂಡ್ಯ, ಬೆಳಗಾವಿ ಕಡೆಯ ಗೆಳೆಯರು ಕೇಳುತ್ತಾರೆ: "ನಮ್ಮ ಕಬ್ಬಿನಿಂದ ಎಥನಾಲ್ ಬರ್ತದಲ್ಲ, ಅದನ್ನೇ ಯಾಕೆ ಹಾಕಬಾರದು?" ನ್ಯಾಯವಾದ ಪ್ರಶ್ನೆ. ಎಥನಾಲ್‌ನಲ್ಲಿ ಎರಡು ಕಾರ್ಬನ್‌ಗಳು ಒಂದಕ್ಕೊಂದು ಗಂಟು ಹಾಕಿಕೊಂಡಿವೆ. ನೂರು ಡಿಗ್ರಿಗಿಂತ ಕೆಳಗೆ ಆ ಗಂಟು ಬಿಚ್ಚುವುದು ಇಂದಿನ ವೇಗವರ್ಧಕಗಳಿಗೆ ಬಹಳ ಕಷ್ಟ. ಹೆಚ್ಚಿನ ಎಥನಾಲ್ ಅರ್ಧ ದಾರಿಯಲ್ಲೇ ಅಸಿಟಿಕ್ ಆಮ್ಲವಾಗಿ, ಅಂದರೆ ವಿನಿಗರ್ ಆಗಿ ನಿಂತುಬಿಡುತ್ತದೆ. ಮೆಥನಾಲ್‌ನಲ್ಲಿ ಒಂದೇ ಕಾರ್ಬನ್, ಬಿಚ್ಚುವ ಗಂಟಿಲ್ಲ.

ಫೋನಿನ ಪಂದ್ಯದಲ್ಲಿ ಸೋಲು

2009ರಲ್ಲಿ ಎಂ.ಸಿ.ಎ. ಮುಗಿಸಿ ನಾನು ಮುಂಬೈಗೆ ಬಂದೆ. ಅದೇ ಅಕ್ಟೋಬರ್‌ನಲ್ಲಿ ಜಪಾನಿನ ತೋಶಿಬಾ ಕಂಪನಿ ಡೈನಾರಿಯೊ ಎಂಬ ಮೆಥನಾಲ್ ಚಾರ್ಜರ್ ಬಿಡುಗಡೆ ಮಾಡಿತು. ಅಂಗೈ ಅಗಲದ ಪೆಟ್ಟಿಗೆ. 14 ಮಿಲಿಲೀಟರ್ ಮೆಥನಾಲ್ ಸುರಿದರೆ ಒಂದು ಮೊಬೈಲನ್ನು ಎರಡು ಸಲ ಚಾರ್ಜ್ ಮಾಡುತ್ತಿತ್ತು. ಬೆಲೆ 29,800 ಯೆನ್. ಮಾಡಿದ್ದು ಮೂರು ಸಾವಿರ ಮಾತ್ರ. ಅದಕ್ಕೂ ಮೊದಲೇ, 2007ರಿಂದ, ಮೆಥನಾಲ್ ಕಾರ್ಟ್ರಿಜ್‌ಗಳನ್ನು ವಿಮಾನದ ಕ್ಯಾಬಿನ್ನಿಗೆ ಒಯ್ಯಲು ಅಂತಾರಾಷ್ಟ್ರೀಯ ವಿಮಾನಯಾನ ಸಂಸ್ಥೆ ಒಪ್ಪಿತ್ತು. ಇನ್ನು ಲ್ಯಾಪ್‌ಟಾಪ್, ಫೋನ್ ಎಲ್ಲಕ್ಕೂ ಸಿಗರೇಟ್ ಲೈಟರಿಗೆ ಗ್ಯಾಸ್ ತುಂಬಿದಂತೆ ಮೆಥನಾಲ್ ತುಂಬುವ ಕಾಲ ಬಂತು ಎಂದು ಓದಿ ನಂಬಿದವರಲ್ಲಿ ನಾನೂ ಒಬ್ಬ.

ಆ ಕಾಲ ಬರಲಿಲ್ಲ. ಲಿಥಿಯಂ ಬ್ಯಾಟರಿ ವರ್ಷ ವರ್ಷ ಅಗ್ಗವಾಯಿತು. ಲೋಕಲ್ ರೈಲಿನಲ್ಲೇ ಪವರ್ ಬ್ಯಾಂಕ್ ಮಾರುವವರು ಬಂದರು. ಗೋಡೆಯ ಪ್ಲಗ್ಗು ನಾಲ್ಕು ಹೆಜ್ಜೆ ದೂರದಲ್ಲಿರುವಾಗ ಪ್ಲಾಟಿನಂ ತುಂಬಿದ ಪೆಟ್ಟಿಗೆ ಯಾರಿಗೆ ಬೇಕು? ಒಂದು ಹೊತ್ತಿನ ಊಟಕ್ಕೆ ಅಡುಗೆಮನೆ ಕಟ್ಟಲು ಹೊರಟದ್ದೇ ತಪ್ಪಾಗಿತ್ತು.

ಕೋಶ ಗೆದ್ದದ್ದು ಪ್ಲಗ್ಗು ದೂರವಿರುವ ಕಡೆ. ಜರ್ಮನಿಯಲ್ಲಿ 2000ರಲ್ಲಿ ಶುರುವಾದ ಎಸ್‌ಎಫ್‌ಸಿ ಎನರ್ಜಿ ಎಂಬ ಕಂಪನಿ ಮೊಬೈಲ್ ಚಾರ್ಜರಿನ ಪಂದ್ಯಕ್ಕೆ ಹೋಗಲಿಲ್ಲ. ಕಾಡಿನ ಕ್ಯಾಮೆರಾ, ಬೆಟ್ಟದ ಮೇಲಿನ ಹವಾಮಾನ ಕೇಂದ್ರ, ಗಡಿಯ ಕಾವಲು ಉಪಕರಣ, ಪ್ರವಾಸಿ ವ್ಯಾನ್ ಇಂಥವುಗಳಿಗೆ ಕೋಶ ಮಾಡಿತು. ಅವರ ಹತ್ತು ಲೀಟರಿನ ಒಂದು ಕ್ಯಾನಿನಿಂದ ಸುಮಾರು 11 ಯೂನಿಟ್ ವಿದ್ಯುತ್ ಬರುತ್ತದೆ. ಕೋಶ ಜೊತೆಗಿರುವ ಬ್ಯಾಟರಿಯನ್ನು ನೋಡಿಕೊಳ್ಳುತ್ತದೆ. ಬ್ಯಾಟರಿ ಇಳಿದಾಗ ತಾನೇ ಎದ್ದು ತುಂಬಿಸುತ್ತದೆ, ತುಂಬಿದಾಗ ಮಲಗುತ್ತದೆ. ಡಬ್ಬಿಯೂ ಅಡುಗೆಮನೆಯೂ ಒಂದೇ ಮನೆಯಲ್ಲಿ ಇದ್ದಂತೆ. ಭಾರತದಲ್ಲಿ ಗುರುಗ್ರಾಮದ ಪಾಲುದಾರ ಕಂಪನಿಯ ಮೂಲಕ ನಮ್ಮ ಸೇನೆಯೂ ಇಂಥವನ್ನು ಕೊಂಡಿದೆ. ಶಬ್ದವಿಲ್ಲದ, ಬಿಸಿ ಹೊಗೆಯಿಲ್ಲದ ವಿದ್ಯುತ್ತಿನ ಬೆಲೆ ಗಡಿಯಲ್ಲಿ ಕೂತವರಿಗೆ ಚೆನ್ನಾಗಿ ಗೊತ್ತು.

ಈಗ ನಮ್ಮ ಕಲೀನಾದ ಲೆಕ್ಕಕ್ಕೆ ಬರೋಣ. ಒಂದು ಎಲ್‌ಇಡಿ ಬಲ್ಬು, ಒಂದು ರೂಟರ್, ಎರಡು ಫೋನ್ ಎಂದರೆ ಸರಾಸರಿ 25 ವ್ಯಾಟ್. ದಿನಕ್ಕೆ 0.6 ಯೂನಿಟ್, ಐದು ದಿನಕ್ಕೆ 3 ಯೂನಿಟ್. ಇಷ್ಟನ್ನು ಸಾಮಾನ್ಯ ಇನ್ವರ್ಟರ್ ಬ್ಯಾಟರಿಯಲ್ಲಿ ಇಡಬೇಕಾದರೆ 150 ಆಂಪಿಯರ್ ಅವರ್‌ನ ಎರಡು ಬ್ಯಾಟರಿ ಬೇಕು, ತೂಕ ನೂರು ಕಿಲೋ. ಮೆಥನಾಲ್ ಆದರೆ 2.7 ಲೀಟರ್ ಸಾಕು, ಎರಡು ಕಿಲೋಗಿಂತ ಸ್ವಲ್ಪ ಹೆಚ್ಚು. ಜೊತೆಗೆ ಏಳೆಂಟು ಕಿಲೋದ ಯಂತ್ರ. ನೆರೆ ಬಂದಾಗ ತಲೆಯ ಮೇಲೆ ಹೊತ್ತು ಮಾಳಿಗೆ ಹತ್ತಬಹುದು. ಐದು ದಿನ ಹತ್ತು ದಿನವಾದರೆ ಯಂತ್ರ ಅದೇ, ಇನ್ನೊಂದು ಬಾಟಲಿ ಸೇರಿಸಿದರೆ ಆಯಿತು. ಬ್ಯಾಟರಿ ಆದರೆ ಇನ್ನೂ ನೂರು ಕಿಲೋ.

ಆದರೆ ಆ ಯಂತ್ರದ ಬೆಲೆ ಇಂದಿಗೂ ಲಕ್ಷಗಳಲ್ಲಿದೆ. ಒಂದೊಂದು ಮನೆ ಕೊಳ್ಳುವ ವಸ್ತು ಅಲ್ಲ. ಒಂದು ಓಣಿಗೆ, ಒಂದು ಮೊಬೈಲ್ ಟವರಿಗೆ, ಒಂದು ವಾರ್ಡ್ ಆಫೀಸಿಗೆ, ನೆರೆ ಅಳೆಯುವ ಒಂದು ಉಪಕರಣಕ್ಕೆ ಒಂದಿದ್ದರೆ ಅರ್ಥವಿದೆ.

ಮಾಲ್ವಣಿಯ ಬಾಟಲಿ

ಇಷ್ಟು ಬರೆದು ನಿಲ್ಲಿಸಿದ್ದರೆ ಇದು ಇನ್ನೊಂದು ಹೊಸ ತಂತ್ರಜ್ಞಾನದ ಲೇಖನವಾಗುತ್ತಿತ್ತು. ಆದರೆ ಮುಂಬೈಯಲ್ಲಿ ಕೂತು ಮೆಥನಾಲ್ ಬಗ್ಗೆ ಬರೆಯುವವನು ಮಾಲ್ವಣಿಯನ್ನು ದಾಟಿ ಹೋಗಲಾಗದು.

2015ರ ಜೂನ್. ನಾನಾಗ ಮಾಲಾಡಿನಲ್ಲಿ ಬಾಡಿಗೆಗೆ ಇದ್ದೆ, ಮೈಂಡ್‌ಸ್ಪೇಸ್‌ನಲ್ಲಿ ಕೆಲಸ. ಕೆಲವು ಕಿಲೋಮೀಟರ್ ಆಚೆ ಮಾಲ್ವಣಿಯ ಗುಡಿಸಲುಗಳಲ್ಲಿ ಕಳ್ಳಭಟ್ಟಿ ಕುಡಿದ ಜನ ಸಾಲುಸಾಲಾಗಿ ಆಸ್ಪತ್ರೆ ಸೇರಿದರು. ನೂರಕ್ಕೂ ಹೆಚ್ಚು ಮಂದಿ ಸತ್ತರು. ಅವರು ಕುಡಿದದ್ದರಲ್ಲಿ ಇದ್ದದ್ದು ಮೆಥನಾಲ್. ನಮ್ಮ ಗೇಟಿನ ಬಳಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದ ಭಯ್ಯಾ ಒಂದು ವಾರ ಬರಲಿಲ್ಲ. ಬಂದಾಗ ಹೇಳಿದ: ಅವನ ಅಣ್ಣ ಉಳಿದಿದ್ದಾನೆ, ಕಣ್ಣು ಹೋಗಿದೆ. "ಬೆಳಗ್ಗೆ ಎದ್ದು, ಲೈಟ್ ಯಾಕೆ ಹಾಕಿಲ್ಲ ಅಂತ ಬೈದ" ಎಂದ. ಹಗಲು ಎಂಟು ಗಂಟೆ ಆಗಿತ್ತಂತೆ.

ಇದು ಮೊದಲನೆಯದಲ್ಲ. 2004ರಲ್ಲಿ ವಿಕ್ರೋಲಿಯಲ್ಲಿ ಆಗಿತ್ತು. ಬೆಂಗಳೂರಿನಲ್ಲಿ 1981ರ ಜುಲೈಯಲ್ಲಿ ಮುನ್ನೂರಕ್ಕೂ ಹೆಚ್ಚು ಜನ ಇದೇ ವಿಷಕ್ಕೆ ಬಲಿಯಾದರು. ಬಣ್ಣವಿಲ್ಲ, ವಾಸನೆ ಸಾರಾಯಿಯಂತೆಯೇ, ಬೆಲೆ ಅಗ್ಗ. ಕಾರ್ಖಾನೆಗೆ ಹೋಗಬೇಕಾದ ದ್ರವ ದಾರಿ ತಪ್ಪಿ ಭಟ್ಟಿಗೆ ಬಂದರೆ ನಾಲಿಗೆಗೆ ಗೊತ್ತಾಗುವುದಿಲ್ಲ.

ದೇಹದಲ್ಲಿ ನಡೆಯುವುದು ಒಂದು ಬಗೆಯ ಕ್ರೂರ ಅಣಕ. ಕೋಶದಲ್ಲಿ ಮೆಥನಾಲ್ ಆಕ್ಸಿಡೀಕರಣವಾದರೆ ವಿದ್ಯುತ್ ಬರುತ್ತದೆ. ಯಕೃತ್ತಿನಲ್ಲಿ ಆಕ್ಸಿಡೀಕರಣವಾದರೆ ಅದು ಮೊದಲು ಫಾರ್ಮಾಲ್ಡಿಹೈಡ್, ಆಮೇಲೆ ಫಾರ್ಮಿಕ್ ಆಮ್ಲ ಆಗುತ್ತದೆ. ಇರುವೆ ಕಚ್ಚಿದಾಗ ಉರಿಸುವ ಅದೇ ಆಮ್ಲ. ಅದು ಕಣ್ಣಿನ ನರವನ್ನು ಸುಡುತ್ತದೆ, ರಕ್ತವನ್ನು ಆಮ್ಲೀಯ ಮಾಡುತ್ತದೆ. ಎರಡು ಚಮಚೆಯಷ್ಟು ಸಾಕು ದೃಷ್ಟಿ ಕೆಡಲು. ಬೇಗ ಆಸ್ಪತ್ರೆಗೆ ಹೋದರೆ ಫೊಮೆಪಿಝೋಲ್ ಎಂಬ ಮದ್ದು, ಅದಿಲ್ಲದಿದ್ದರೆ ವೈದ್ಯರ ಲೆಕ್ಕದಲ್ಲಿ ಎಥನಾಲನ್ನೇ ಕೊಟ್ಟು ಯಕೃತ್ತನ್ನು ಬೇರೆ ಕೆಲಸಕ್ಕೆ ಹಚ್ಚಿ, ಡಯಾಲಿಸಿಸ್ ಮಾಡಿ ಬದುಕಿಸಬಹುದು. ತಡವಾದರೆ ಇಲ್ಲ. ಉರಿದರೂ ಅಪಾಯವೇ. ಮೆಥನಾಲ್ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ ಎನ್ನುವಷ್ಟು ಮಂದ.

ಆದ್ದರಿಂದ ನನ್ನ ಅನಿಸಿಕೆ ಇದು: ನಮ್ಮ ನಗರಗಳಲ್ಲಿ ಮೆಥನಾಲ್ ಕೋಶದ ಭವಿಷ್ಯ ನಿರ್ಧಾರವಾಗುವುದು ಪ್ಲಾಟಿನಂನಿಂದ ಅಲ್ಲ, ಬಾಟಲಿಯಿಂದ. ಡೈನಾರಿಯೊಗೆ ಬಾಟಲಿಯಿಂದ ಸುರಿದು ತುಂಬುತ್ತಿದ್ದರು. ಅದು ಜಪಾನಿಗೆ ಸರಿ ಇರಬಹುದು, ಮಾಲ್ವಣಿಗೆ ಅಲ್ಲ. ಇಲ್ಲಿ ಬೇಕಾದದ್ದು ಮೊಹರು ಮಾಡಿದ ಕಾರ್ಟ್ರಿಜ್: ಯಂತ್ರಕ್ಕೆ ಸಿಕ್ಕಿಸಿದಾಗ ಮಾತ್ರ ತೆರೆದುಕೊಳ್ಳುವ ಕವಾಟ, ಕೈಯಿಂದ ಬಿಚ್ಚಲಾಗದ ಮುಚ್ಚಳ, ಗ್ಯಾಸ್ ಸಿಲಿಂಡರಿನಂತೆ ಖಾಲಿ ಕೊಟ್ಟು ತುಂಬಿದ್ದನ್ನು ಒಯ್ಯುವ ಪದ್ಧತಿ, ಪ್ರತಿಯೊಂದಕ್ಕೂ ಒಂದು ಸಂಖ್ಯೆ. ಕುಡಿಯಲಾಗದಂತೆ ಕಹಿ ಬೆರೆಸೋಣ ಎಂದರೆ ಅದು ಸುಲಭವಲ್ಲ. ಬೆರೆಸಿದ್ದು ವೇಗವರ್ಧಕವನ್ನು ಕೆಡಿಸಬಾರದು. ಕೋಶಕ್ಕೆ ಬೇಕಾದದ್ದು ಅತಿ ಶುದ್ಧ ಮೆಥನಾಲ್, ಮನುಷ್ಯನ ಕ್ಷೇಮಕ್ಕೆ ಬೇಕಾದದ್ದು ಕೆಡಿಸಿದ ಮೆಥನಾಲ್. ಈ ಜಗಳ ಬಗೆಹರಿಸುವುದೂ ರಸಾಯನಶಾಸ್ತ್ರದ ಕೆಲಸವೇ. ಆದರೆ ಪೊರೆಯ ಬಗ್ಗೆ ನಡೆದಷ್ಟು ಚರ್ಚೆ ಮುಚ್ಚಳದ ಬಗ್ಗೆ ನಡೆಯುವುದಿಲ್ಲ.

ಮೆಥನಾಲ್ ಬರುವುದು ಎಲ್ಲಿಂದ?

ಇನ್ನೊಂದು ಲೆಕ್ಕವನ್ನೂ ಮುಚ್ಚಿಡಬಾರದು. ಈ ಕೋಶದಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 0.9 ಲೀಟರ್ ಮೆಥನಾಲ್ ಬೇಕು. ಅದರಿಂದ ಹೊರಬರುವ ಕಾರ್ಬನ್ ಡೈ ಆಕ್ಸೈಡ್ ಹತ್ತಿರ ಹತ್ತಿರ ಒಂದು ಕಿಲೋ. ನಮ್ಮ ಗ್ರಿಡ್ಡಿನ ಸರಾಸರಿಯೇ ಯೂನಿಟ್ಟಿಗೆ ಸುಮಾರು 0.7 ಕಿಲೋ. ಅಂದರೆ ಮಸಿಯಿಲ್ಲ, ಸದ್ದಿಲ್ಲ ಎಂಬುದು ನಿಜ, ಆದರೆ ಹಸಿರು ಎಂಬುದು ಸುಳ್ಳು. ಮೆಥನಾಲ್ ಎಲ್ಲಿಂದ ಬಂತು ಎಂಬುದರ ಮೇಲೆ ಅದು ನಿಂತಿದೆ.

ಇಂದು ಮೆಥನಾಲ್ ಹೆಚ್ಚಾಗಿ ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದ ಬರುತ್ತದೆ. ಮುಂಬೈಯ ಸುತ್ತಲೇ ಚೆಂಬೂರಿನ ಆರ್‌ಸಿಎಫ್, ತಳೋಜದ ದೀಪಕ್ ಫರ್ಟಿಲೈಸರ್ಸ್ ಇದನ್ನು ತಯಾರಿಸಿದ ಕಾರ್ಖಾನೆಗಳು. ಆದರೂ ಗಲ್ಫ್ ಕಡೆಯ ಅಗ್ಗದ ಅನಿಲದ ಮುಂದೆ ಪೈಪೋಟಿ ಕಷ್ಟ. ದೇಶಕ್ಕೆ ಬೇಕಾದ ಮೆಥನಾಲ್‌ನ ಬಹುಪಾಲು ಹಡಗಿನಲ್ಲಿ ಬರುತ್ತದೆ.

ಓಲಾ ಮತ್ತು ಸೂರ್ಯಪ್ರಕಾಶ್ ಹೇಳುತ್ತಾ ಬಂದದ್ದು ಬೇರೆ ದಾರಿ. ಗಾಳಿಗೆ ಬಿಟ್ಟ ಕಾರ್ಬನ್ ಡೈ ಆಕ್ಸೈಡನ್ನು ಮತ್ತೆ ಹಿಡಿದು, ನೀರಿನಿಂದ ಪಡೆದ ಹೈಡ್ರೋಜನ್ ಸೇರಿಸಿ ಮೆಥನಾಲ್ ಮಾಡುವುದು. ಆಗ ಕೋಶ ಬಿಡುವ ಒಂದು ಕಿಲೋ, ಸಾಲ ತಂದದ್ದನ್ನು ಮರಳಿಸಿದಂತೆ. 2016ರಲ್ಲಿ ಅವರ ತಂಡ ಸಾಮಾನ್ಯ ಗಾಳಿಯಿಂದಲೇ ಹಿಡಿದ ಕಾರ್ಬನ್ ಡೈ ಆಕ್ಸೈಡ್‌ನಲ್ಲಿ 79 ಶೇಕಡವನ್ನು ಮೆಥನಾಲ್ ಮಾಡಿ ತೋರಿಸಿತು. ಮರುವರ್ಷ ಓಲಾ ತೀರಿಕೊಂಡರು. ಐಸ್‌ಲ್ಯಾಂಡಿನಲ್ಲಿ ಭೂಶಾಖ ಸ್ಥಾವರದ ಅನಿಲದಿಂದ ಮೆಥನಾಲ್ ಮಾಡಲು 2012ರಲ್ಲಿ ಶುರುವಾದ ಘಟಕಕ್ಕೆ ಅವರದೇ ಹೆಸರಿದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಸೆಬಾಸ್ಟಿಯನ್ ಪೀಟರ್ ಅವರ ತಂಡ ಇದೇ ದಾರಿಯಲ್ಲಿದೆ. ಅವರ ಬ್ರೀದ್ ಎಂಬ ಕಂಪನಿ 2018ರಲ್ಲಿ ಕಾರ್ಬನ್ ಎಕ್ಸ್‌ಪ್ರೈಜ್ ಎಂಬ ಅಂತಾರಾಷ್ಟ್ರೀಯ ಸ್ಪರ್ಧೆಯ ಕೊನೆಯ ಹತ್ತರಲ್ಲಿ ಒಂದಾಗಿತ್ತು. 2023ರಲ್ಲಿ ಹಸಿರು ಮೆಥನಾಲ್‌ನಲ್ಲಿ ಓಡುವ ಮೊದಲ ಕಂಟೇನರ್ ಹಡಗು ಮರ್ಸ್ಕ್ ಕಂಪನಿಯದು ನೀರಿಗಿಳಿಯಿತು. ಆ ಕಂಪನಿಯ ಹಡಗುಗಳು ನಮ್ಮ ನ್ಹಾವಾ ಶೇವಾ ಬಂದರಿಗೆ ಬರುವಂಥವು. ದೊಡ್ಡ ಹಡಗುಗಳಿಗಾಗಿ ಹಸಿರು ಮೆಥನಾಲ್ ಬಂದರಿಗೆ ಬರತೊಡಗಿದರೆ, ಅದರಲ್ಲಿ ಒಂದು ಹನಿ ನಮ್ಮ ಸಣ್ಣ ಕೋಶಗಳಿಗೂ ಸಿಕ್ಕೀತು.

ಸೊಸೈಟಿಯ ಮೀಟಿಂಗಿನಲ್ಲಿ

ಕಳೆದ ಮಳೆಗಾಲಕ್ಕೆ ಮುಂಚೆ ನಮ್ಮ ಸೊಸೈಟಿಯ ಮೀಟಿಂಗಿನಲ್ಲಿ ಹಳೆಯ ಜನರೇಟರಿನ ಬದಲು ಏನು ಎಂಬ ಚರ್ಚೆ ಬಂತು. "ನೀನು ಇಂಥದ್ದೆಲ್ಲ ಓದುತ್ತೀಯಲ್ಲ, ಹೇಳು" ಎಂದರು. ನಾನು ಲಿಥಿಯಂ ಬ್ಯಾಟರಿಗೆ ಕೈ ಎತ್ತಿದೆ. ಲಿಫ್ಟಿಗೂ ಪಂಪಿಗೂ ಬೇಕಾದದ್ದು ದೊಡ್ಡ ಶಕ್ತಿ, ಕೆಲವೇ ಗಂಟೆ. ಅದು ಡಬ್ಬಿಯ ಕೆಲಸ. ಮೆಥನಾಲ್ ಕೋಶದ ಹೆಸರನ್ನು ಅಲ್ಲಿ ಎತ್ತಲಿಲ್ಲ.

ಆದರೆ ಮೀಟಿಂಗ್ ಮುಗಿದ ಮೇಲೆ ವಾರ್ಡಿನ ನೆರೆ ಪರಿಹಾರದ ಸ್ವಯಂಸೇವಕರೊಬ್ಬರು ಗೇಟಿನ ಬಳಿ ಸಿಕ್ಕರು. ಖಾಡಿಯ ಪಕ್ಕದ ಚಾಳುಗಳಿಗೆ ನೀರು ನುಗ್ಗಿದಾಗ ಜನರನ್ನು ಶಾಲೆಗೆ ಸೇರಿಸುತ್ತಾರೆ. "ಅಲ್ಲಿ ಎಲ್ಲಕ್ಕಿಂತ ಮೊದಲು ಏನು ಕೇಳುತ್ತಾರೆ?" ಎಂದು ವಿಚಾರಿಸಿದೆ. ಊಟ, ಕಂಬಳಿ ಎನ್ನುತ್ತಾರೆ ಎಂದುಕೊಂಡಿದ್ದೆ. "ಚಾರ್ಜಿಂಗ್ ಪಾಯಿಂಟ್" ಎಂದರು. "ಗಾಂವ್‌ಗೆ ಫೋನ್ ಮಾಡಬೇಕು ಅಂತಾರೆ."

ಆ ಶಾಲೆಯ ಮೂಲೆಯಲ್ಲಿ ಸದ್ದಿಲ್ಲದೆ ಕೂತು, ಬೀಗ ಹಾಕಿದ ಒಂದು ಕಾರ್ಟ್ರಿಜ್‌ನಿಂದ ವಾರವಿಡೀ ಇಪ್ಪತ್ತು ಮೂವತ್ತು ಫೋನುಗಳನ್ನು ಜೀವಂತ ಇಡುವ ಒಂದು ಪೆಟ್ಟಿಗೆ. ಸೂರ್ಯಪ್ರಕಾಶ್ ಮತ್ತು ಸಂಗಡಿಗರ ಕೆಲಸದಿಂದ ನಾನು ಬಯಸುವುದು ಅಷ್ಟೇ. 2005ರಲ್ಲಿ ಅಂಥದ್ದೊಂದು ಕಲೀನಾದಲ್ಲಿ ಇದ್ದಿದ್ದರೆ ಅಮ್ಮ ಆ ಮೂರು ರಾತ್ರಿ ಮಲಗಿರುತ್ತಿದ್ದರು.